ನಾಯಿಯ ತಾಟಿನಲ್ಲಿ ಕೈ

ಗೋಪಮ್ಮನ ಕೈ ನಾಯಿಯ ತಾಟಿನಲ್ಲಿತ್ತು. ಅತ್ತೆ ಮಾನಮ್ಮ ಹಿತ್ತಲ ಬಾಗಿಲ ಸಂದಿಯಿಂದ ಕಣ್ಣಾರೆ ಕಂಡಳು. ಸೊಸೆ ಹಿಂದೆ ಮುಂದೆ ನೋಡಿ, ಸೆರಗು ಮರೆ ಮಾಡಿಕೊಂಡು ಅದೇನೋ ಮಾಡುತ್ತಿದ್ದಳು.

ವಿಷವೇ! ಮಾನಮ್ಮನಿಗೆ ಇನ್ನು ಸಾಕ್ಷಿ ಬೇಕಿರಲಿಲ್ಲ.

ನಾಯಿ ರಾಜಾನನ್ನು ಮಾನ್ವಿಗೆ ತಂದು ಎರಡು ತಿಂಗಳಾಗಿತ್ತು. ರಾಯಚೂರಿನಲ್ಲಿ ಅಮೀರ್ ಸಾಬ್ ಎಂಬ ನಿವೃತ್ತ ಕಂಪೌಂಡರ್ ದಿಕ್ಕಿಲ್ಲದ ನಾಯಿಗಳನ್ನು ತನ್ನ ದೊಡ್ಡಿಯಲ್ಲಿ ಸಾಕಿ, ಕೇಳಿದವರಿಗೆ ಕೊಡುತ್ತಿದ್ದ. ಅಲ್ಲಿಂದ ಬಂದಾಗ ರಾಜಾ ಗುಂಡುಗುಂಡಗೆ ಇತ್ತು. ಈಗ ಎಲುಬು ಕಾಣುತ್ತಿತ್ತು. ಅಬ್ಬಾ, ನಾಯಿಯ ಮೇಲೆ ಮಾನಮ್ಮನಿಗೆ ಅದೆಂಥ ಮಮತೆ! ಅಡುಗೆಮನೆಯ ಕೀಲಿ ಸೊಂಟದಿಂದ ತೆಗೆದು, ದಿನವೂ ಎರಡು ಜೋಳದ ರೊಟ್ಟಿ ತಾನೇ ಹಾಕುತ್ತಿದ್ದಳು. ತಾಟು ಖಾಲಿಯಾಗುತ್ತಿತ್ತು, ನಾಯಿ ಸೊರಗುತ್ತಿತ್ತು.

ರವಿವಾರ ಮಾತ್ರ ಬೇರೆ. ಶಕ್ತಿನಗರದಲ್ಲಿ ಕೆಲಸಕ್ಕಿದ್ದ ಮಗ ಮೌನಪ್ಪ ಅಂದು ಮನೆಗೆ ಬರುತ್ತಿದ್ದ. ಎಲ್ಲರೂ ಕೂಡಿ ಉಂಡ ಮೇಲೆ ಹಾಕಿದ್ದನ್ನು ರಾಜಾ ಬಾಲ ಆಡಿಸುತ್ತ ಮುಗಿಸುತ್ತಿತ್ತು. ಗಂಡ ಎದುರಿಗಿದ್ದರೆ ಸೊಸೆಗೆ ಧೈರ್ಯ ಸಾಲದು ಎಂದು ಮಾನಮ್ಮನಿಗೆ ಆಗಲೇ ಗುಮಾನಿ.

ಈ ರವಿವಾರ ಮಗ ಚಪ್ಪಲಿ ಬಿಡುವ ಮೊದಲೇ ಪಂಚಾಯಿತಿ ಶುರುವಾಯಿತು. ಹೇಳಿಕಳಿಸಿದ್ದರಿಂದ ಅಮೀರ್ ಸಾಬನೂ ಬಂದಿದ್ದ.

"ಇವತ್ತೇ ಇಕಿನ್ನ ಕುರ್ಡಿಗೆ, ತವರಿಗೆ ಬಿಟ್ಟು ಬಾ. ಇಂದು ನಾಯಿಗೆ ವಿಷ ಹಾಕಿದಾಕಿ ನಾಳಿ ನನಗ ಹಾಕಲ್ಲೇನು?" ಎಂದಳು ಮಾನಮ್ಮ.

ಮೌನಪ್ಪ ಹೆಂಡತಿಯ ಕಡೆ ತಿರುಗಿದ. "ತಾಟಿನ್ಯಾಗ ಏನ್ ಹಾಕಿದಿ? ಖರೇ ಹೇಳು. ಇಲ್ಲಾಂದ್ರ ಗಂಟು ಕಟ್ಟು."

ಮೂಲೆಯಲ್ಲಿ ಕುಳಿತಿದ್ದ ಗೋಪಮ್ಮ ತಲೆ ಎತ್ತಲಿಲ್ಲ. "ನಾ ಏನೂ ಹಾಕಿಲ್ರಿ."

ಅಮೀರ್ ಸಾಬ್ ನಾಯಿಯ ಬಾಯಿ ಬಿಡಿಸಿ ನೋಡಿದ, ಹೊಟ್ಟೆ ಒತ್ತಿದ. "ವಿಷ ಅಲ್ರೀ ಯವ್ವಾ, ಬರೇ ಹಸಿವು ಅದ. ಇದರ ಗುಣ ನನಗ ಗೊತ್ತದ. ಒಂದು ರೊಟ್ಟಿ ತರ್ರಿ."

ಮಾನಮ್ಮ ತಂದು ಹಾಕಿದಳು. ರಾಜಾ ಮೂಸಿತು, ತಿನ್ನಲಿಲ್ಲ. ರೊಟ್ಟಿ ಕಚ್ಚಿಕೊಂಡು ಮಾನಮ್ಮನನ್ನು ದಾಟಿತು, ಮೌನಪ್ಪನನ್ನು ದಾಟಿತು, ಗೋಪಮ್ಮನ ಮಡಿಲಲ್ಲಿ ಇಟ್ಟು ಕೂತಿತು.

"ನಮ್ಮ ದೊಡ್ಡ್ಯಾಗ ಒಂದು ಕುಂಟ ಮರಿ ಇತ್ರಿ. ಬ್ಯಾರೆ ನಾಯಿ ಅದಕ್ಕ ತಿನ್ನಾಕ ಬಿಡ್ತಿರಲಿಲ್ಲ," ಎಂದ ಅಮೀರ್ ಸಾಬ್. ಅವನ ದನಿ ಇಳಿದುಹೋಗಿತ್ತು. "ಅದರ ಹೊಟ್ಟಿ ತುಂಬೋತನ ಇದು ತನ್ನ ರೊಟ್ಟಿ ಮುಟ್ಟತಿರಲಿಲ್ಲ."

ಗೋಪಮ್ಮ ರೊಟ್ಟಿಗೆ ಹತ್ತಿದ್ದ ಜೊಲ್ಲನ್ನು ಸೆರಗಿನಿಂದ ಒರೆಸಿದಳು. ಗಂಡ ನೋಡುತ್ತಿದ್ದಾನೆ ಎಂಬುದನ್ನೂ ಮರೆತು, ಮುರಿದು ಮುರಿದು ತಿನ್ನತೊಡಗಿದಳು.