ಬೀಜದ ಚೀಲದ ಹೊಳೆಯುವ ತೆನೆ

ಬ್ಯಾಂಕ್ ಕಾರ್ಡಿನ ಹೊಳೆಯುವ ಚಿತ್ರ ಕಣ್ಣಿಗೆ ಬಿದ್ದರೆ ಇಂದಿಗೂ ನನ್ನ ಬೆರಳು ಮೊದಲು ಕಾರ್ಡಿನ ಅಂಚನ್ನು ತಡಕುತ್ತದೆ.

ಅಂದು ಮಧ್ಯಾಹ್ನ ಕಿರಂಗೂರಿನ ನಮ್ಮ ಜಗಲಿಗೆ ಮಾವ, ಅಂದರೆ ಅಮ್ಮನ ತಮ್ಮ, ಭತ್ತದ ಬೀಜದ ಚೀಲ ತಂದಿಳಿಸಿದ್ದರು. ಮಾರನೆಯ ದಿನ ಬೀಜ ನೆನೆಹಾಕಬೇಕಿತ್ತು. ಅದು ಮೊಳೆಯದಿದ್ದರೆ ನಾಟಿಗೆ ಪೈರಿಲ್ಲ. ಸುತ್ತಲ ಊರುಗಳಲ್ಲಿ ನಕಲಿ ಬೀಜದ ಮಾತು ಹಬ್ಬಿತ್ತು.

ಮೇಷ್ಟರಾಗಿದ್ದ ಚಿಕ್ಕಪ್ಪ ಚೀಲದ ಮೇಲಿನ ಹೊಳೆಯುವ ಮುದ್ರೆಯನ್ನು ಬಿಸಿಲಿಗೆ ಓರೆ ಮಾಡಿ ಅಪ್ಪನಿಗೆ ತೋರಿಸಿದರು. ಅದರೊಳಗಿನ ತೆನೆ ಪಕ್ಕಕ್ಕೆ ಸರಿಯಿತು.

"ಒಂದೇ ಲೇಸರ್ ಬೆಳಕನ್ನ ಎರಡಾಗಿ ಸೀಳ್ತಾರೆ ಕಣಣ್ಣ. ಒಂದು ಪಾಲು ವಸ್ತುವಿಗೆ ಬಡಿದು ಬರ್ತದೆ, ಇನ್ನೊಂದು ನೇರವಾಗಿ ಬರ್ತದೆ. ಎರಡೂ ಸೇರಿದ ಕಡೆ ಬೀಳೋ ಗುರುತೇ ಹೋಲೋಗ್ರಾಮ್. ಜೆರಾಕ್ಸ್ ಮಾಡಿದ್ರೆ ತೆನೆ ಇಂಗೆ ಅಲುಗಾಡಲ್ಲ. ಇದು ಅಸಲಿ."

"ನಾನೇಳ್ಲಿಲ್ವಾ ಭಾವ," ಎಂದು ಮಾವ ನಕ್ಕರು.

ಅಜ್ಜಿ ಮಾತ್ರ ಚೀಲದ ಬಾಯಿಯನ್ನು ಬೆರಳಿನಿಂದ ಸವರುತ್ತಿದ್ದಳು. ಹೊಲಿಗೆಯ ದಾರದ ಪಕ್ಕದಲ್ಲೇ ಖಾಲಿ ಸೂಜಿತೂತುಗಳ ಇನ್ನೊಂದು ಸಾಲಿತ್ತು.

"ಮುದ್ರೆ ಅಸಲೀನೇ ಕಣ್ಲಾ," ಎಂದಳು ಅಪ್ಪನಿಗೆ. "ಚೀಲಕ್ಕೆ ಎಲ್ಡು ಸಲ ಸೂಜಿ ಬಿದ್ದದೆ, ಬಿಚ್ಚಿ ಮತ್ತೆ ಹೊಲಿದವ್ರೆ. ಒಂದಿಡಿ ಬೀಜ ಒದ್ದೆ ಬಟ್ಟೇಲಿ ಕಟ್ಟು, ಮೊಳಕೆ ಬರ್ಲಿ."

"ಮೂರು ದಿನ ಇರಪ್ಪ, ನೋಡ್ಕಂಡೇ ಹೋಗು," ಎಂದರು ಅಪ್ಪ ಮಾವನಿಗೆ.

ಮಾವ ಚೀಲದ ಕಡೆ ನೋಡಲಿಲ್ಲ. ಅಮ್ಮ ತಂದಿಟ್ಟ ಕಾಫಿಯನ್ನೂ ಮುಟ್ಟದೆ ಚಪ್ಪಲಿ ಹುಡುಕತೊಡಗಿದರು.