ಕೆನ್ನೆಯ ಸುಣ್ಣ

ಹೊಸ ಸುಣ್ಣದ ವಾಸನೆ ಬಂದರೆ ಈಗಲೂ ನನ್ನ ಕೈ ತಾನಾಗಿ ಕೆನ್ನೆಗೆ ಹೋಗುತ್ತದೆ.

ಹುಣಸೂರಿನ ನಮ್ಮ ಚರ್ಚಿಗೆ ಹಬ್ಬಕ್ಕೆಂದು ಸುಣ್ಣ ಬಳಿದಿದ್ದರು. ಶನಿವಾರ ಮಧ್ಯಾಹ್ನ ಅವ್ವ ತಲೆಗೆ ಸೆರಗು ಹೊದ್ದು ಸ್ವಾಮಿಗಳ ಮುಂದೆ ತಪ್ಪೊಪ್ಪಿಕೊಳ್ಳುವ ಪಾಪನಿವೇದನೆಗೆ ಹೊರಟಳು. ಅಜ್ಜಿ ನನ್ನ ರಟ್ಟೆ ಹಿಡಿದಳು.

"ವಾರವಾರ ಅದೇನು ಊದ್ತಾಳೋ ಫರಂಗಿ ಸ್ವಾಮ್ಯೋರ ಕಿವೀಲಿ! ನನ್ ಮೇಲಿನ ಚಾಡೀನೇ ಕಣೆ. ಓಗು, ಕದ್ದು ಕೇಳ್ಕಂಡು ಬಾ."

ಚರ್ಚಿನೊಳಗೆ ಹೊಸ ಸುಣ್ಣದ ಕಂಬಕ್ಕೆ ಕೆನ್ನೆ ಒತ್ತಿ ನಿಂತೆ. ಮರದ ಜಾಲರಿಯ ಆಚೆ ಕೂತ ಸ್ವಾಮಿಗಳಿಗೆ ಅವ್ವ ಪಿಸುಗುಡುತ್ತಿದ್ದಳು. ಕೇಳಿಸಿದ್ದು, ಹಿಂದಿನ ಮಳೆಗಾಲ ಚಳಿಜ್ವರಕ್ಕೆ ತೀರಿಹೋದ ನನ್ನ ತಮ್ಮ ರಾಯಪ್ಪನ ಹೆಸರು. ಆಮೇಲೆ, "ತಪ್ಪು ನಂದೇ ಸ್ವಾಮಿ."

"ನನ್ ಹೆಸ್ರು ಬಂತಾ?" ಅಂದಳು ಅಜ್ಜಿ, ನಾನು ಮನೆಗೆ ಬರುತ್ತಲೇ.

"ಇಲ್ಲ ಕಣಜ್ಜಿ."

"ನೀನೂ ನಿಮ್ಮವ್ವನ ಕಡೀಕೇ ಬುಡು" ಎಂದು ಮುಖ ತಿರುಗಿಸಿದಳು.

ಮುಂದಿನ ಶನಿವಾರ ಅಜ್ಜಿಯೇ ಹೋಗಿ ಜಾಲರಿಯ ಮುಂದೆ ಮಂಡಿಯೂರಿದಳು. ಯಾರೂ ಕಳಿಸದಿದ್ದರೂ ನಾನು ಕಂಬದ ಹಿಂದಿದ್ದೆ. ಅದೇ ಹೆಸರು ಬಂತು, ಅದೇ ಮಾತೂ ಬಂತು.

ಮನೆಗೆ ಬಂದಾಗ ಅವ್ವ ನನ್ನ ಕೆನ್ನೆಯನ್ನೇ ನೋಡಿದಳು. ಸೆರಗಿನ ತುದಿಯಿಂದ ಸುಣ್ಣ ಒರೆಸಿದಳು. ಬಾಗಿಲ ಕಡೆಗೊಮ್ಮೆ ಕಣ್ಣು ಹಾಯಿಸಿ, ದನಿ ತಗ್ಗಿಸಿ ಕೇಳಿದಳು:

"ನಿಮ್ಮಜ್ಜಿ ನನ್ ಹೆಸ್ರು ಎತ್ತುದ್ರಾ?"