ಗಂಟಿ ಹೊಡೆಯುವ ಠರಾವು

ಬ್ಯಾಟರಿ ಸೈಕಲ್ಲು ಹುಲಗೇಶನ ಮೈಮೇಲೆ ಬಂದದ್ದು ಹಾಡುಹಗಲೇ, ತುಂಬಿದ ಬಜಾರಿನಲ್ಲಿ. ಹುಟ್ಟಿನಿಂದ ಕಣ್ಣಿಲ್ಲದ ಹುಲಗೇಶ ರಸ್ತೆಯಾಚೆಯ ಕಟ್ಟೆಯ ಮೇಲೆ ಕುಳಿತು ಖುರ್ಚಿ ಹೆಣೆಯುವವನು. ಮನೆಯಿಂದ ಕಟ್ಟೆಗೆ ದಿನಾಲೂ ಒಬ್ಬನೇ ಹೋಗಿಬರುತ್ತಿದ್ದ. ತಿಳವಳ್ಳಿ ಬಸ್ಸು ತಿರುವಿನಲ್ಲಿ ಗೇರು ಬದಲಿಸುವುದು, ಗೋವಿನಜೋಳ ಹೇರಿಕೊಂಡ ಟ್ರೇಲರು ಗಡಗಡಿಸುವುದು, ಎಮ್ಮೆಗಳ ಗೊರಸು, ಹಳೇ ಸೈಕಲ್ಲಿನ ಚೈನು, ಎಲ್ಲಾ ಅವನ ಕಿವಿಗೆ ಪರಿಚಯ. ರಸ್ತೆ ಖಾಲಿಯಾದದ್ದು ಅವನಿಗೆ ತಾನಾಗಿ ತಿಳಿಯುತ್ತಿತ್ತು. ಕೋಲನ್ನು ಕಂಕುಳಲ್ಲಿ ಇರುಕಿಕೊಂಡು ಸರಸರ ದಾಟಿಬಿಡುತ್ತಿದ್ದ. ಆದರೆ ತತ್ತಿ ಮಾರುವ ರಫೀಕನ ಹೊಸ ಸೈಕಲ್ಲಿಗೆ ಸದ್ದೇ ಇರಲಿಲ್ಲ.

"ಅಣ್ಣಾ, ಪೆಟ್ಟಾತೇನ್ರಿ?" ರಫೀಕ ಓಡಿಬಂದು ಎಬ್ಬಿಸಿದ.

"ಮೊಣಕಾಲು ತರಚೈತಿ, ಅಷ್ಟ. ನಿನ್ನ ತತ್ತಿ?"

"ಒಡದು ಹೋದುವ್ರಿ."

"ಗಾಳಿ ಬಂದಂಗ ಬರತೈತಲ್ಲೋ ಮಾರಾಯಾ, ಸಪ್ಪಳನ ಇಲ್ಲ. ತಿರುವಿನ್ಯಾಗರ ಸಾವಕಾಶ ಬಾ."

ರಫೀಕ "ಆತ್ರಿ" ಅಂದ. ಮಾತು ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಎದುರಿನ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದ ಪಂಚಾಯ್ತಿ ಅಧ್ಯಕ್ಷ ಪರಮೇಶಪ್ಪ ಎಲ್ಲವನ್ನೂ ನೋಡಿದ್ದ.

ಮುಂದಿನ ಸಭೆಗೆ ಹುಲಗೇಶನನ್ನು ಕರೆಸಿ ಮುಂದಿನ ಸಾಲಿನಲ್ಲೇ ಕೂರಿಸಿದರು. ಪರಮೇಶಪ್ಪ ಎದ್ದು ನಿಂತು, ಮೋಟಾರು ಹಚ್ಚಿದ ಸೈಕಲ್ಲಿಗೆ ಲೈಸನ್ಸಿಲ್ಲ, ನಂಬರಿಲ್ಲ, ಸಪ್ಪಳವಂತೂ ಮೊದಲೇ ಇಲ್ಲ, ಇಂಥ ವಾಹನಕ್ಕೆ ಈ ಊರಲ್ಲಾದರೂ ಒಂದು ಕಾಯಿದೆ ಬೇಡವೇ ಎಂದು ಕೇಳಿದ. ಬಜಾರು ದಾಟುವ ತನಕ ಬ್ಯಾಟರಿ ಸೈಕಲ್ಲಿನವರು ಬಿಡದೆ ಗಂಟಿ ಹೊಡೆಯುತ್ತಲೇ ಇರಬೇಕೆಂಬ ಠರಾವನ್ನು ಮುಂದಿಟ್ಟ.

ಹುಲಗೇಶ ಮೆಲ್ಲಗೆ ಎದ್ದ. "ಅಧ್ಯಕ್ಷರ, ಗಂಟಿ ಯಾಕ್ರಿ? ಸಾವಕಾಶ ಹೊಡೀರಿ ಅಂತ ಹೇಳಿದ್ರ ಸಾಕ್ರಿ."

"ಸಾವಕಾಶ ಅಂದ್ರ ಎಷ್ಟೋ? ಅದನ್ನ ಅಳೆಯವರು ಯಾರು? ಗಂಟಿ ಹಂಗಲ್ಲ. ಹೊಡದ್ರ ಕೇಳತೈತಿ, ಹೊಡೀಲಿಲ್ಲಂದ್ರ ದಂಡ. ನೀ ಸುಮ್ಮನ ಕೂಡು, ನಿನ್ನ ಸಲುವಾಗೇ ಮಾಡಾಕತ್ತೇವಿ."

ಸದಸ್ಯರು ಮೇಜು ಕುಟ್ಟಿದರು. ಹುಲಗೇಶನಿಗೆ ಶಾಲು ಹೊದಿಸಿ ಫೋಟೋ ತೆಗೆದರು. ಎರಡು ದಿನದಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಬ್ಯಾನರೂ ಬಂತು. ಹೆಂಡತಿ ಶೇಖವ್ವ ನೋಡಿಬಂದು ಹೇಳಿದಳು: "ನಿಮ್ಮ ಫೋಟೋ ದೊಡ್ಡದು ಹಾಕ್ಯಾರ. ಅಧ್ಯಕ್ಷರದು ಅದಕ್ಕಿಂತ ದೊಡ್ಡದೈತಿ."

ಠರಾವು ಜಾರಿಯಾದ ದಿನ ಹುಲಗೇಶ ಎಂದಿನಂತೆ ಬೀದಿಯ ಅಂಚಿಗೆ ಬಂದು ನಿಂತ. ಒಂದು ಹೆಜ್ಜೆ ಇಟ್ಟ, ಬಲಗಡೆ ಗಂಟಿ. ಹಿಂದೆ ಸರಿದ, ಎಡಗಡೆ ಎರಡು ಗಂಟಿ. ಪಂಚಾಯ್ತಿ ಸಿಪಾಯಿ ಮಾಲತೇಶನಿಗೆ ಯಾವುದು ಬ್ಯಾಟರಿ, ಯಾವುದು ಬರೀ ಸೈಕಲ್ಲು ಎಂದು ಬಗ್ಗಿ ನೋಡುವ ಪುರುಸೊತ್ತಿಲ್ಲದ್ದರಿಂದ ದಂಡಕ್ಕೆ ಹೆದರಿ ಎಲ್ಲರೂ ಹೊಡೆಯುತ್ತಿದ್ದರು, ಶಾಲೆಯ ಹುಡುಗಿಯರೂ ಹೊಡೆಯುತ್ತಿದ್ದರು. ಗಂಟಿ ಹೊಡೆದ ಮೇಲೆ ತಮ್ಮ ಜವಾಬ್ದಾರಿ ಮುಗಿಯಿತೆಂದು ಬ್ಯಾಟರಿಯವರು ಮೊದಲಿಗಿಂತ ಜೋರಾಗಿಯೇ ಹೋಗುತ್ತಿದ್ದರು. ಆ ಗದ್ದಲದಲ್ಲಿ ಬಸ್ಸು ಎಲ್ಲಿ ಮುಳುಗಿತೋ, ಎಮ್ಮೆಗಳು ಎಲ್ಲಿ ಹೋದವೋ. ಹುಲಗೇಶ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತೇ ಇದ್ದ. ಕುರುಡ ಎಂಬ ಮಾತನ್ನು ಹುಟ್ಟಿದಾಗಿನಿಂದ ಕೇಳಿದ್ದ. ಅದು ಹೇಗಿರುತ್ತದೆಂದು ಅವತ್ತು ತಿಳಿಯಿತು.

ಕೊನೆಗೆ ರಫೀಕನೇ ಕಂಡು ಸೈಕಲ್ಲಿನಿಂದ ಇಳಿದ. "ಬರ್ರಿ ಅಣ್ಣಾ, ನಾ ದಾಟಸ್ತೇನಿ."

"ಏ ರಫೀಕ, ಗಂಟಿ ಯಾಕ ನಿಂತೈತಿ?" ಮಾಲತೇಶ ಅಲ್ಲಿಂದಲೇ ಕೂಗಿದ.

ರಫೀಕ ಗಂಟಿ ಹೊಡೆಯುತ್ತ ಸೈಕಲ್ಲು ತಳ್ಳಿದ. ಹುಲಗೇಶ ಕ್ಯಾರಿಯರು ಹಿಡಿದುಕೊಂಡು, ಹಗ್ಗ ಕಟ್ಟಿದ ಕರುವಿನಂತೆ ಹಿಂದೆ ಹಿಂದೆ ನಡೆದ. ಮರುದಿನ ರಫೀಕ ಸಿಗಲಿಲ್ಲ. ಶೇಖವ್ವ ಕೂಲಿ ಬಿಟ್ಟು ಕೈಹಿಡಿದು ದಾಟಿಸಿದಳು. ಸಂಜೆ ಕರೆದೊಯ್ಯಲು ಅವಳು ಬರುವುದು ತಡವಾಗಿ, ಕತ್ತಲಾಗುವ ತನಕ ಕಟ್ಟೆಯ ಮೇಲೆ ಕುಳಿತಿದ್ದ. ವಾರವೊಂದು ಹೀಗೇ ಹೋಯಿತು.

ಸಭೆಯ ದಿನ ಹೆಂಡತಿಯ ಕೈ ಹಿಡಿದು ಪಂಚಾಯ್ತಿಗೆ ಬಂದ. ಅವಳನ್ನು ಕೂಲಿಗೆ ಕಳಿಸಿ ತಾನೊಬ್ಬನೇ ಒಳಗೆ ಹೋದ.

"ಅಧ್ಯಕ್ಷರ, ಕೈ ಮುಗೀತೇನಿ, ಗಂಟಿ ನಿಲ್ಲಸ್ರಿ. ನನಗ ಏನೂ ಕೇಳವಲ್ದು."

"ಎಂಥಾ ಮಾತು ಆಡ್ತಿ ಹುಲಗೇಶ! ಕೇಳಲಿ ಅಂತನ ಅಲ್ಲೇನು ಗಂಟಿ ಹೊಡಸಾಕತ್ತಿದ್ದು?"

"ಗಂಟಿ ಕೇಳತೈತ್ರಿ. ರಸ್ತೆ ಕೇಳವಲ್ದು."

ಪರಮೇಶಪ್ಪ ಕಳಕಳಿಯಿಂದಲೇ ಯೋಚಿಸಿದ, ಅವನು ಕೆಟ್ಟವನಲ್ಲ. ಆಮೇಲೆ ಮುಖ ಅರಳಿಸಿ ಸೆಕ್ರೆಟರಿಯ ಕಡೆ ತಿರುಗಿದ.

"ಬರಕೋರಿ. ಇನ್ನ ಮುಂದ ಕಣ್ಣಿಲ್ಲದವರು ಒಬ್ಬೊಬ್ಬರ ಬಜಾರಕ್ಕ ಬರಬಾರದು. ಕೈ ಹಿಡಿಯವರು ಜೋಡಿ ಇರಾಕಬೇಕು. ಇವರ ಜೀವ ನಮಗ ಮುಖ್ಯ."

ಮೇಜುಗಳು ಮತ್ತೆ ಸದ್ದು ಮಾಡಿದವು. ಹುಲಗೇಶ ಗೋಡೆ ಸವರುತ್ತ ಬಾಗಿಲಿಗೆ ಬಂದ. ಬೆನ್ನ ಹಿಂದೆ ಪರಮೇಶಪ್ಪನ ದನಿ ಕೇಳಿಸಿತು: "ಏ, ಯಾರರ ಹೋಗ್ರಪಾ, ಅವನ ಕೈ ಹಿಡೀರಿ. ಇವತ್ತಿಂದನ ಜಾರಿ!"

ಹೊಸ್ತಿಲು ದಾಟುವ ಮೊದಲೇ ಎರಡೂ ಕಡೆಯಿಂದ ಒಂದೊಂದು ಗಟ್ಟಿ ಕೈ ಬಂದು ಹುಲಗೇಶನ ತೋಳು ಹಿಡಿದವು. ಒಂದು ಅವನನ್ನು ಬಲಕ್ಕೆ ಎಳೆಯಿತು, ಇನ್ನೊಂದು ಎಡಕ್ಕೆ.